ಚರಗಿಯ ಬಾಯಿ, ಚರಗಿಯ ತಳ: ಎಂಟನೇ ತರಗತಿಗೆ ನೋಡಿ ಬಿಡಿಸುವುದನ್ನು ಕಲಿಸುವ ಪೂರ್ತಿ ಕ್ರಮ

ಎಂಟನೇ ತರಗತಿಯ ಮಕ್ಕಳ ಮುಂದೆ ಒಂದು ಚರಗಿ (ನೀರಿನ ಚೊಂಬು) ಇಟ್ಟು ನೋಡಿ ಬಿಡಿಸಲು ಹೇಳಿ. ಹೆಚ್ಚಿನ ಹಾಳೆಗಳಲ್ಲಿ ಒಂದೇ ತಪ್ಪು ಕಾಣುತ್ತದೆ. ಬಾಯಿ ರೂಪಾಯಿ ನಾಣ್ಯದಷ್ಟು ದುಂಡಗಿರುತ್ತದೆ. ತಳ ಸ್ಕೇಲ್ ಇಟ್ಟು ಎಳೆದ ನೇರ ಗೆರೆಯಾಗಿರುತ್ತದೆ. ಅಂದರೆ ಬಾಯಿಯನ್ನು ಮಾಳಿಗೆ ಮೇಲಿಂದ ನೋಡಿದ ಹಾಗೆ, ತಳವನ್ನು ನೆಲಕ್ಕೆ ಕೆನ್ನೆ ಇಟ್ಟು ನೋಡಿದ ಹಾಗೆ. ಎರಡೂ ಒಂದೇ ಚಿತ್ರದಲ್ಲಿ.

ಆಗ ನಾವೇನು ಮಾಡುತ್ತೇವೆ? ಬೋರ್ಡಿನ ಮೇಲೆ ಸರಿಯಾದ ಚರಗಿ ಬಿಡಿಸಿ ತೋರಿಸುತ್ತೇವೆ. ಮಕ್ಕಳು ಅದನ್ನು ನಕಲು ಮಾಡುತ್ತಾರೆ. ಹಾಳೆಗಳು ಚೆನ್ನಾಗಿ ಕಾಣುತ್ತವೆ. ಮುಂದಿನ ವಾರ ಕೊಡ ಇಟ್ಟರೆ ಅದೇ ನಾಣ್ಯ, ಅದೇ ನೇರ ಗೆರೆ. ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಚಿತ್ರಕಲಾ ಶಿಕ್ಷಕರು ಸೇರಿದಾಗಲೆಲ್ಲ ಈ ಮಾತು ಬಂದೇ ಬರುತ್ತದೆ. ನಾನೂ ಮೊದಲ ಕೆಲವು ವರ್ಷ ಬೋರ್ಡಿನ ಮೇಲೆ ಬಿಡಿಸಿಯೇ ಕಲಿಸಿದೆ. ಮಕ್ಕಳು ನನ್ನ ಚರಗಿಯನ್ನು ಕಲಿತರು, ತಮ್ಮ ಮುಂದಿದ್ದ ಚರಗಿಯನ್ನು ನೋಡಲೇ ಇಲ್ಲ.

ಇದು ಕೈಯ ತಪ್ಪಲ್ಲ. ಕಣ್ಣಿಗೆ ಕಂಡದ್ದನ್ನು ಬಿಟ್ಟು ತಲೆಗೆ ಗೊತ್ತಿರುವುದನ್ನು ಬಿಡಿಸುವ ಅಭ್ಯಾಸ. ಹಾಗಾಗಿ ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ನೆರಳು ಮೊದಲು ಹೇಳಿಕೊಟ್ಟರೆ ತಪ್ಪು ಚರಗಿಗೇ ಚಂದದ ನೆರಳು ಬೀಳುತ್ತದೆ, ಅಷ್ಟೇ. 40 ನಿಮಿಷದ ಪೀರಿಯಡ್ ಆದರೆ ಕೋಣೆಯೊಳಗಿನ ಕೆಲಸಕ್ಕೆ ಏಳೆಂಟು ಪೀರಿಯಡ್ ಬೇಕು.

ಮೊದಲು ಹೊಂದಿಸಿಕೊಳ್ಳಬೇಕಾದದ್ದು

ಪ್ರತಿ ಮಗುವಿಗೆ ಒಂದು ಎಚ್‌ಬಿ, ನೆರಳಿಗೆ ಅದಕ್ಕಿಂತ ಮೆತ್ತಗಿನ, ಕಪ್ಪು ಗೆರೆಯ ಒಂದು 4ಬಿ ಪೆನ್ಸಿಲ್. ಪರೀಕ್ಷೆಗೆ ಬಳಸುವ ಕ್ಲಿಪ್ ಇರುವ ಪ್ಯಾಡ್. ಫ್ಯಾನ್ ಗಾಳಿಗೆ ಹಾಳೆ ಹಾರುತ್ತದೆ, ಆದ್ದರಿಂದ ಕ್ಲಿಪ್ ಇರಲೇಬೇಕು. ಮೊದಲ ಮೂರು ಹಂತಕ್ಕೆ ಡ್ರಾಯಿಂಗ್ ಶೀಟ್ ಬೇಡ. ಒಂದು ಬದಿ ಖಾಲಿ ಇರುವ ಹಳೆ ಕಾಗದ ಸಾಕು. ದುಬಾರಿ ಹಾಳೆ ಕೊಟ್ಟರೆ ಮಗು ಹೆದರುತ್ತದೆ, ಗೆರೆ ಸಣ್ಣದಾಗುತ್ತದೆ.

ನಾಲ್ಕು ಚರಗಿ, ನಾಲ್ಕು ಸೌಟು. ಒಂದು ಸಣ್ಣ ಮಣ್ಣಿನ ಗಡಿಗೆ, ಅದಕ್ಕೆ ಹೊರಗಡೆ ಸುಣ್ಣ ಬಳಿದು ಒಣಗಿಸಿ. ಒಂದೇ ಅಳತೆಯ ಹತ್ತಾರು ಬಳೆ. ಗಾಜಿನದು ಬೇಡ, ಒಡೆದರೆ ಕೈಗೆ ಚುಚ್ಚುತ್ತದೆ. ಪ್ಲಾಸ್ಟಿಕ್ ಅಥವಾ ಲೋಹದ್ದು ತನ್ನಿ. ಊದಿನಕಡ್ಡಿ ಉರಿದ ಮೇಲೆ ಉಳಿಯುವ ಕಡ್ಡಿಗಿಂತ ಸ್ವಲ್ಪ ಗಟ್ಟಿಯಾದ, ಅರ್ಧ ಅಡಿ ಉದ್ದದ ಕಡ್ಡಿಗಳು. ಸೆಲ್ಲೋಟೇಪು. ಏಳನೇ ಹಂತಕ್ಕೆ ಕಪ್ಪು ಡ್ರಾಯಿಂಗ್ ಶೀಟು, ಬಿಳಿ ಪೆನ್ಸಿಲ್.

ಮೊದಲ ಎರಡು ಪೀರಿಯಡ್‌ನಲ್ಲಿ ರಬ್ಬರ್ ಮತ್ತು ಸ್ಕೇಲ್ ಬ್ಯಾಗಿನಲ್ಲೇ ಇರಲಿ. ಇದೊಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಿ.

ಶುರು ಮಾಡುವ ಮುಂಚೆ ಏನೂ ಹೇಳಿಕೊಡದೆ ಹತ್ತು ನಿಮಿಷದಲ್ಲಿ ಒಂದು ಚರಗಿ ಬಿಡಿಸಲು ಹೇಳಿ. ಹೆಸರು, ತಾರೀಖು ಬರೆಸಿ ಹಾಳೆ ತೆಗೆದಿಟ್ಟುಕೊಳ್ಳಿ. ತಪ್ಪು ತೋರಿಸಬೇಡಿ. ಇದು ಆಮೇಲೆ ಬೇಕಾಗುತ್ತದೆ.

ಹಂತ 1: ಚರಗಿ ಎಲ್ಲಿಡಬೇಕು, ಮಕ್ಕಳು ಎಲ್ಲಿ ಕೂರಬೇಕು

ಅರ್ಧ ತಪ್ಪು ಇಲ್ಲೇ ಶುರುವಾಗುತ್ತದೆ, ಅದೂ ನಮ್ಮಿಂದ. ನಮ್ಮ ಎಷ್ಟೋ ಶಾಲೆಗಳಲ್ಲಿ ಮಕ್ಕಳು ನೆಲದ ಮೇಲೆ ಕೂರುತ್ತಾರೆ. ಮಾಸ್ತರು ಚರಗಿಯನ್ನು ತಮ್ಮ ಟೇಬಲ್ ಮೇಲೆ ಇಡುತ್ತಾರೆ. ಈಗ ಲೆಕ್ಕ ಹಾಕಿ. ಟೇಬಲ್ ಎರಡೂವರೆ ಅಡಿ, ಚರಗಿ ಅರ್ಧ ಅಡಿ. ಬಾಯಿ ಮೂರು ಅಡಿ ಎತ್ತರಕ್ಕೆ ಹೋಯಿತು. ಚಕ್ಕಳಮಕ್ಕಳ ಹಾಕಿ ಕೂತ 13 ವರ್ಷದ ಮಗುವಿನ ಕಣ್ಣು ನೆಲದಿಂದ ಎರಡು ಅಡಿ ಚಿಲ್ಲರೆ ಎತ್ತರದಲ್ಲಿರುತ್ತದೆ. ಅಂದರೆ ಆ ಮಗುವಿಗೆ ಚರಗಿಯ ಬಾಯಿ ಒಳಗಡೆ ಕಾಣುವುದೇ ಇಲ್ಲ. ಕಾಣದ ಬಾಯಿಯನ್ನು ನಾವು ಬಿಡಿಸಲು ಹೇಳುತ್ತಿದ್ದೇವೆ. ಮಗು ನೆನಪಿನಿಂದ ದುಂಡಗೆ ಬಿಡಿಸದೆ ಇನ್ನೇನು ಮಾಡೀತು?

ಮಕ್ಕಳು ನೆಲದ ಮೇಲಿದ್ದರೆ ಚರಗಿಯನ್ನೂ ನೆಲಕ್ಕೆ ತನ್ನಿ, ಕೆಳಗೆ ಒಂದು ಇಟ್ಟಿಗೆ ಸಾಕು. ಡೆಸ್ಕ್ ಇದ್ದರೆ ಒಂದೂವರೆ ಅಡಿಯ ಸ್ಟೂಲ್ ಮೇಲೆ ಇಡಿ. ಮಗುವಿಗೂ ಚರಗಿಗೂ ನಡುವೆ ಐದಾರು ಅಡಿ ದೂರವಿರಲಿ. ಇನ್ನೂ ಹತ್ತಿರ ಕೂತರೆ ತಲೆ ಸ್ವಲ್ಪ ಅಲ್ಲಾಡಿದರೂ ಆಕಾರ ಬದಲಾಗುತ್ತದೆ.

48 ಮಕ್ಕಳಿದ್ದರೆ 12ರ ನಾಲ್ಕು ಗುಂಪು ಮಾಡಿ. ಪ್ರತಿ ಗುಂಪಿಗೆ ಒಂದು ಚರಗಿ, ಸುತ್ತಲೂ ಮಕ್ಕಳು. ಕೋಣೆ ಸಾಲದಿದ್ದರೆ ಎರಡು ಗುಂಪು ವರಾಂಡಕ್ಕೆ ಹೋಗಲಿ. ಚರಗಿ ಎಲ್ಲ ಕಡೆಯಿಂದ ಒಂದೇ ತರ ಕಾಣುತ್ತದೆ ಅಲ್ವಾ? ಅದಕ್ಕೇ ಪಕ್ಕದಲ್ಲಿ ಸೌಟು ಓರೆಯಾಗಿ ಒರಗಿಸಿ ಇಡಿ. ಎದುರು ಬದುರು ಕೂತ ಇಬ್ಬರ ಹಾಳೆಯಲ್ಲಿ ಸೌಟು ಒಂದೇ ದಿಕ್ಕಿಗೆ ಬಂದಿದ್ದರೆ ಒಬ್ಬರು ಇನ್ನೊಬ್ಬರದನ್ನು ನೋಡಿ ಬಿಡಿಸಿದ್ದಾರೆ ಎಂದರ್ಥ. ಬೈಯಬೇಡಿ. ಅವರ ಜಾಗ ಬದಲಿಸಿ ಸುಮ್ನೆ ಮತ್ತೆ ಶುರು ಮಾಡಿಸಿ.

ಹಂತ 2: ಹೆಸರು ಮರೆಸುವುದು

ಶಹಾಪುರದ ಗುಡ್ಡ ನಿಮಗೆ ಗೊತ್ತಿರಬಹುದು, ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಅದನ್ನು ಬಿಡಿಸಲು ಹೇಳಿದರೆ ಮಕ್ಕಳು ಗುಡ್ಡ ಬಿಡಿಸುವುದಿಲ್ಲ. ಮಲಗಿದ ಮನುಷ್ಯನನ್ನು ಬಿಡಿಸುತ್ತಾರೆ. ಮೂಗು, ತುಟಿ, ಕಣ್ಣಿಗೆ ರೆಪ್ಪೆ ಸಹ ಹಾಕುತ್ತಾರೆ. ಹೆಸರು ಕಿವಿಗೆ ಬಿದ್ದ ಕೂಡಲೇ ಕಣ್ಣು ಕೆಲಸ ನಿಲ್ಲಿಸುತ್ತದೆ. ಚರಗಿಯಲ್ಲಿ ಆಗುವುದೂ ಇದೇ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಮದ್ದು, ಕೈ ನೋಡದೆ ಬಿಡಿಸುವುದು. ಅಂಗೈ ಅಗಲದ ಒಂದು ರಟ್ಟಿನ ತುಂಡಿಗೆ ತೂತು ಮಾಡಿ ಪೆನ್ಸಿಲ್ ತೂರಿಸಿ. ರಟ್ಟು ಛತ್ರಿಯ ಹಾಗೆ ಕೈ ಮೇಲೆ ನಿಲ್ಲುತ್ತದೆ, ಗೆರೆ ಕಾಣುವುದಿಲ್ಲ. ಈಗ ಕಣ್ಣು ಚರಗಿಯ ಅಂಚಿನ ಮೇಲೆ ಇರುವೆಯ ಹಾಗೆ ನಿಧಾನ ನಡೆಯಬೇಕು. ಕಣ್ಣು ಎಷ್ಟು ನಡೆಯಿತೋ ಪೆನ್ಸಿಲ್ ಅಷ್ಟೇ ನಡೆಯಬೇಕು. ಒಂದು ಸುತ್ತಿಗೆ ಐದು ನಿಮಿಷ. ಪೆನ್ಸಿಲ್ ಎತ್ತಬಾರದು.

ಚಿತ್ರ ಸೊಟ್ಟಗೆ ಬರುತ್ತದೆ. ಮಕ್ಕಳು ನಗುತ್ತಾರೆ, ನಗಲಿ. ಇಲ್ಲಿ ಚಿತ್ರ ಮುಖ್ಯವಲ್ಲ ಎಂದು ಮೊದಲೇ ಹೇಳಿಬಿಡಿ. ಐದು ನಿಮಿಷದ ಸುತ್ತನ್ನು ಅರ್ಧ ನಿಮಿಷಕ್ಕೆ ಮುಗಿಸಿ ಕೂತವರು ನೋಡಿಲ್ಲ ಎಂದು ತಿಳಿಯಿರಿ. ಅಂಥವರಿಗೆ ಚರಗಿಯ ಕುತ್ತಿಗೆ ಮಾತ್ರ ಕೊಡಿ. "ಕುತ್ತಿಗೆ ಒಳಗೆ ಹೋಗಿ ಹೊರಗೆ ಬರುತ್ತದಲ್ಲ, ಅಲ್ಲಿ ಕಣ್ಣು ನಿಲ್ಲಿಸು" ಎಂದು ಹೇಳಿ. ಒಂದು ಸಣ್ಣ ಜಾಗ ಕೊಟ್ಟರೆ ಆತುರದ ಮಗುವೂ ನೋಡುತ್ತದೆ.

ಮೂರು ಸುತ್ತು ಮಾಡಿಸಿ ಸಾಕು. ಇದನ್ನೇ ಎರಡನೇ ಪೀರಿಯಡ್‌ಗೂ ಎಳೆದರೆ ಬೇಸರ ಬರುತ್ತದೆ.

ಹಂತ 3: ಬಳೆ

ಈ ಹಂತಕ್ಕೆ ಪೂರ್ತಿ ಒಂದು ಪೀರಿಯಡ್ ಕೊಡಿ, ಬೇಕಾದರೆ ಎರಡು ಕೊಡಿ. ಇದು ಗಟ್ಟಿಯಾದರೆ ಮುಂದಿನದೆಲ್ಲ ಹಗುರ.

ಪ್ರತಿ ಮಗುವಿನ ಕೈಗೆ ಒಂದು ಬಳೆ ಕೊಡಿ. ಒಂದು ಕಣ್ಣು ಮುಚ್ಚಿ, ಬಳೆಯನ್ನು ತಟ್ಟೆಯ ಹಾಗೆ ಅಡ್ಡ ಹಿಡಿದು ಸರಿಯಾಗಿ ಕಣ್ಣಿನ ಮಟ್ಟಕ್ಕೆ ತರಲು ಹೇಳಿ. ಏನು ಕಾಣುತ್ತದೆ? ಒಂದು ಗೆರೆ. ಈಗ ಅಡ್ಡ ಹಿಡಿದ ಹಾಗೇ ನಿಧಾನ ಕೆಳಗೆ ಇಳಿಸಬೇಕು. ಗೆರೆ ಬಾಯಿ ಬಿಡುತ್ತದೆ. ಇಳಿಸಿದಷ್ಟೂ ಜಾಸ್ತಿ ಬಿಡುತ್ತದೆ. ಮೊಣಕಾಲ ಮೇಲೆ ಇಟ್ಟು ಬಗ್ಗಿ ಮೇಲಿಂದ ನೋಡಿದರೆ ಪೂರ್ತಿ ದುಂಡು. ಕಣ್ಣಿನ ಮಟ್ಟದಿಂದ ಮೇಲೆ ಎತ್ತಿದರೂ ಬಾಯಿ ಬಿಡುತ್ತದೆ, ಆದರೆ ಆಗ ಕಾಣುವುದು ಬಳೆಯ ಕೆಳಮೈ.

ಒಮ್ಮೆ ಒಬ್ಬ ಹುಡುಗ ಕೇಳಿದ: "ಸರ್, ಬಳಿ ದುಂಡಗ ಅದ ಅಲ್ರಿ, ಮತ್ತ ಚಪ್ಪಟಿ ಯಾಕ್ ಕಾಣ್ತದ?" ಈ ಪ್ರಶ್ನೆ ಬರುವವರೆಗೆ ಕಾಯಿರಿ. ನೀವೇ ಮುಂಚೆ ಉತ್ತರ ಹೇಳಿಬಿಟ್ಟರೆ ಅದು ಅವರಿಗೆ ಇನ್ನೊಂದು ನೋಟ್ಸ್ ಆಗುತ್ತದೆ. ಪ್ರಶ್ನೆ ಬಂದ ಮೇಲೆ ಹೇಳಿ: ಬಳೆ ದುಂಡಗಿರುವುದು ನಿಜ, ಆದರೆ ನೀನು ಓರೆಯಾಗಿ ನೋಡಿದಾಗ ಅದರ ಅಗಲ ಹಾಗೇ ಉಳಿಯುತ್ತದೆ, ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ನಡುವಿನ ಜಾಗ ಮಾತ್ರ ಕುಗ್ಗಿ ಕಾಣುತ್ತದೆ.

ಗಣಿತದಲ್ಲಿ ಇದಕ್ಕೆ ದೀರ್ಘವೃತ್ತ ಎನ್ನುತ್ತಾರೆ. ಕ್ಲಾಸಿನಲ್ಲಿ ನಾನು ಬಳೆಗೆರೆ ಎನ್ನುತ್ತೇನೆ. ಮೊಟ್ಟೆ ಆಕಾರ ಎಂದು ಮಾತ್ರ ಹೇಳಬೇಡಿ. ಮೊಟ್ಟೆಯ ಒಂದು ತುದಿ ದಪ್ಪ, ಒಂದು ತುದಿ ಚೂಪು. ಆ ಮಾತು ಕೇಳಿದ ಮಕ್ಕಳು ಚರಗಿಯ ಬಾಯಿಯನ್ನೂ ಹಾಗೇ ಬಿಡಿಸುತ್ತಾರೆ.

ಈಗ ಮುಖ್ಯವಾದ ಪ್ರಯೋಗ. ಮೂರು ಕಡ್ಡಿ ನೆಟ್ಟಗೆ ನಿಲ್ಲಿಸಿ, ಮೇಲೊಂದು, ನಡುವೊಂದು, ತಳಕ್ಕೊಂದು ಬಳೆಯನ್ನು ಸೆಲ್ಲೋಟೇಪಿನಿಂದ ಅಂಟಿಸಿ. ಮೂರೂ ಬಳೆ ಒಂದೇ ಅಳತೆಯವು. ಇದನ್ನು ಇಟ್ಟಿಗೆ ಮೇಲೆ ಇಟ್ಟು ಮಕ್ಕಳನ್ನು ತಮ್ಮ ಜಾಗದಲ್ಲಿ ಕೂರಿಸಿ ಕೇಳಿ: ಯಾವ ಬಳೆ ಜಾಸ್ತಿ ಬಾಯಿ ಬಿಟ್ಟಿದೆ? ತಳದ ಬಳೆ! ಇಲ್ಲಿಯವರೆಗೆ ತಳವನ್ನು ನೇರ ಗೆರೆ ಎಂದು ತಿಳಿದಿದ್ದವರಿಗೆ ಇದು ದೊಡ್ಡ ಆಶ್ಚರ್ಯ. ಕಣ್ಣಿನಿಂದ ಕೆಳಗೆ ಹೋದಷ್ಟೂ ದುಂಡು ಜಾಸ್ತಿ. ಹಾಗಾದರೆ ಚರಗಿಯ ತಳದ ಗೆರೆ ಬಾಯಿಯ ಮುಂದಿನ ಗೆರೆಗಿಂತ ಜಾಸ್ತಿ ಬಾಗಿರಬೇಕು.

ಆಮೇಲೆ ಹಳೆ ಕಾಗದದ ಮೇಲೆ ಬಳೆಗೆರೆ ಎಳೆಯುವ ಅಭ್ಯಾಸ. ಬೆರಳು ಆಡಿಸದೆ ಮೊಣಕೈಯಿಂದ ಕೈ ಬೀಸಬೇಕು. ಮೊದಲು ಹಾಳೆಗೆ ತಾಗಿಸದೆ ಗಾಳಿಯಲ್ಲಿ ನಾಲ್ಕು ಸುತ್ತು, ಹಾಗೇ ಬೀಸುತ್ತಾ ಪೆನ್ಸಿಲ್ ಇಳಿಸಿ ಎರಡು ಸುತ್ತು. ಒಂದು ಹಾಳೆ ತುಂಬಿಸಲಿ.

ಇಲ್ಲಿ ಎರಡು ತಪ್ಪು ಹುಡುಕಿ. ಒಂದು, ಎರಡೂ ತುದಿ ಚೂಪಾಗಿ ಬೇವಿನ ಎಲೆಯ ಹಾಗೆ ಆಗುವುದು. ಮಗು ಮೇಲೊಂದು, ಕೆಳಗೊಂದು ಗೆರೆ ಬೇರೆ ಬೇರೆ ಎಳೆದು ಜೋಡಿಸಿದೆ ಎಂದರ್ಥ. ಬಳೆ ಕೈಗೆ ಕೊಟ್ಟು "ಇದರಲ್ಲಿ ಮೂಲೆ ಎಲ್ಲಿದೆ ಹುಡುಕು" ಎನ್ನಿ. ಎರಡು, ಉದ್ದನೆಯ ಬಲೂನಿನ ಹಾಗೆ ಮೇಲೆ ಕೆಳಗೆ ನೇರ, ತುದಿ ಮಾತ್ರ ದುಂಡು. ಇದಕ್ಕೆ ಕಾರಣ ಹೆಚ್ಚಾಗಿ ಕೈ ಬಿಗಿ ಹಿಡಿದಿರುವುದು. ಪೆನ್ಸಿಲ್ ಅನ್ನು ತುದಿಯಿಂದ ಇನ್ನೂ ಹಿಂದೆ ಹಿಡಿಸಿ.

ಹಂತ 4: ಅಳತೆ ಮತ್ತು ನಡುಗೆರೆ

ಈಗ ಒಳ್ಳೆಯ ಹಾಳೆ ಕೊಡಿ, ರಬ್ಬರ್ ಸಹ ಕೊಡಬಹುದು.

ಕೈ ನೇರ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಅಡ್ಡ ಹಿಡಿದು ಚರಗಿಯ ಹೊಟ್ಟೆಯ ಅಗಲಕ್ಕೆ ಹೆಬ್ಬೆರಳು ಸರಿಸಬೇಕು. ಹೆಬ್ಬೆರಳು ಅಲ್ಲೇ ಇಟ್ಟು ಪೆನ್ಸಿಲ್ ನಿಲ್ಲಿಸಿ ಎತ್ತರ ನೋಡಬೇಕು. ಅಗಲಕ್ಕಿಂತ ಎತ್ತರ ಎಷ್ಟು ಪಾಲು ಜಾಸ್ತಿ? ಇಷ್ಟೇ ಬೇಕಾದದ್ದು. ಮೊಣಕೈ ಸ್ವಲ್ಪ ಮಡಿಸಿದರೂ ಅಳತೆ ಕೆಡುತ್ತದೆ. ನೀವು ಗುಂಪಿನ ಹಿಂದೆ ನಿಂತು ಮೊಣಕೈಗಳನ್ನೇ ನೋಡಿ.

ಪೆನ್ಸಿಲ್ ಮೇಲಿನ ಅಳತೆಯನ್ನೇ ಹಾಳೆಗೆ ಇಟ್ಟು ಗುರುತು ಹಾಕುವವರು ಬಹಳ ಜನ ಇರುತ್ತಾರೆ. ಅವರ ಚರಗಿ ಹುಣಸೆ ಬೀಜದಷ್ಟು ಸಣ್ಣದಾಗಿ ಮೂಲೆಯಲ್ಲಿ ಕೂರುತ್ತದೆ. ಅಳತೆ ಹೋಲಿಸಲು ಮಾತ್ರ, ಹಾಳೆಯ ಮೇಲೆ ಚರಗಿ ಹಾಳೆಯ ಮುಕ್ಕಾಲು ಎತ್ತರ ಇರಬೇಕು. ಮೊದಲು ಮೇಲೆ ಒಂದು ಚುಕ್ಕಿ, ಕೆಳಗೆ ಒಂದು ಚುಕ್ಕಿ ಇಡಿಸಿ. ಅವೆರಡರ ನಡುವೆ ತೆಳುವಾಗಿ ನಡುಗೆರೆ. ಅದರ ಮೇಲೆ ಬಾಯಿ, ಕುತ್ತಿಗೆ, ಹೊಟ್ಟೆ, ತಳ ಎಲ್ಲೆಲ್ಲಿ ಬರುತ್ತದೆ ಎಂದು ಗುರುತು. ಪ್ರತಿ ಗುರುತಿನ ಮೇಲೆ ಒಂದು ಬಳೆಗೆರೆ. ಹಿಂದಿನ ಕಾಣದ ಭಾಗವೂ ಸೇರಿ ಪೂರ್ತಿ ಸುತ್ತು ಎಳೆಯಬೇಕು. ಕಾಣದ್ದನ್ನು ಆಮೇಲೆ ಅಳಿಸಬಹುದು.

ಬಳೆಗೆರೆ ನಡುಗೆರೆಗೆ ಅಡ್ಡವಾಗಿ, ಎರಡೂ ಕಡೆ ಸಮ ಇರಬೇಕು. ಒಂದು ಕಡೆ ವಾಲಿದ್ದರೆ ಚರಗಿಯ ನೀರು ಚೆಲ್ಲುತ್ತದೆ ಎಂದರೆ ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ.

ಹಂತ 5: ಹೊರಗೆರೆ

ನಾಲ್ಕು ಬಳೆಗೆರೆಗಳ ಅಂಚನ್ನು ಎರಡೂ ಕಡೆ ಕೂಡಿಸಿದರೆ ಹೊರಗೆರೆ ಬಂತು. ಎರಡನೇ ಹಂತದ ಇರುವೆ ನಡಿಗೆಯನ್ನು ನೆನಪಿಸಿ. ಮುಗಿದ ಮೇಲೆ ಹಾಳೆ ತಲೆಕೆಳಗು ಮಾಡಿ ನೋಡಿಸಿ. ಎಡ ಬಲ ಸಮ ಇಲ್ಲದ್ದು ಆಗ ಮಗುವಿಗೇ ಕಾಣುತ್ತದೆ. ನೀವು ಹೇಳುವುದೇ ಬೇಡ.

ಏನೇ ಆದರೂ ಮಗುವಿನ ಹಾಳೆಯ ಮೇಲೆ ನಿಮ್ಮ ಪೆನ್ಸಿಲ್ ತಾಗಿಸಬೇಡಿ. ನನ್ನ ಶಾಲಾ ದಿನಗಳಲ್ಲಿ ಒಬ್ಬ ಮಾಸ್ತರು ನನ್ನ ಗೆರೆಯ ಮೇಲೆಯೇ ದಪ್ಪಗೆ ತಮ್ಮ ಗೆರೆ ಎಳೆದರು. ಚಿತ್ರ ಸರಿಯಾಯಿತು. ಅದನ್ನು ನಾನು ಮನೆಗೆ ಒಯ್ಯಲಿಲ್ಲ. ತೋರಿಸಲೇಬೇಕಾದರೆ ಪಕ್ಕದಲ್ಲಿ ಇನ್ನೊಂದು ತುಂಡು ಕಾಗದ ಇಟ್ಟು ತೋರಿಸಿ, ತೋರಿಸಿದ ಮೇಲೆ ಅದನ್ನು ನೀವೇ ತೆಗೆದುಕೊಂಡು ಹೋಗಿ.

ಹಂತ 6: ನೆರಳು

ಸ್ಟೀಲ್ ಚರಗಿ ತೆಗೆದಿಡಿ. ಅದರಲ್ಲಿ ಕಿಟಕಿ, ಫ್ಯಾನು, ಪಕ್ಕದವನ ಅಂಗಿ ಎಲ್ಲ ಹೊಳೆಯುತ್ತದೆ. ನೆರಳು ಕಲಿಯುವ ಮಗುವಿಗೆ ಅದು ದೊಡ್ಡ ಗೊಂದಲ. ಸುಣ್ಣ ಬಳಿದ ಗಡಿಗೆ ಇಡಿ. ಬಿಳಿ, ಹೊಳಪಿಲ್ಲ, ನೆರಳು ಕನ್ನಡಿಯಷ್ಟು ಸ್ಪಷ್ಟ.

ಲೈಟು ಆರಿಸಿ. ಒಂದು ಬದಿಯ ಕಿಟಕಿ ಮಾತ್ರ ತೆರೆದಿರಲಿ. ಫೆಬ್ರುವರಿ ದಾಟಿದರೆ ನಮ್ಮ ಕಡೆ ಬೆಳಗಿನ ಪೀರಿಯಡ್ ಕೇಳಿ ತೆಗೆದುಕೊಳ್ಳಿ. ಮಧ್ಯಾಹ್ನ ಬಿಸಿಲಿಗೆ ಕಿಟಕಿ ಮುಚ್ಚಲೇಬೇಕಾಗುತ್ತದೆ, ಬೆಳಕೂ ಹೋಗುತ್ತದೆ, ಬೆವರಿನ ಕೈಗೆ ಹಾಳೆಯೂ ಕೆಡುತ್ತದೆ. ಅಂಗೈ ಕೆಳಗೆ ಒಂದು ತುಂಡು ಕಾಗದ ಇಟ್ಟುಕೊಳ್ಳಲು ಹೇಳಿ.

ಮೊದಲು ಹಾಳೆಯ ಅಂಚಿನಲ್ಲಿ ನಾಲ್ಕು ಚೌಕ: ಖಾಲಿ ಬಿಳಿ, ತೆಳು, ನಡು, ಗಾಢ. ಈ ನಾಲ್ಕರಲ್ಲೇ ಇಡೀ ಗಡಿಗೆ ಮುಗಿಯಬೇಕು. ಮಕ್ಕಳಿಗೆ ಕಣ್ಣು ಅರ್ಧ ಮುಚ್ಚಿ ನೋಡಲು ಹೇಳಿ. ಸಣ್ಣ ಪುಟ್ಟ ವಿವರ ಮಾಯವಾಗಿ ದೊಡ್ಡ ಕತ್ತಲೆ, ದೊಡ್ಡ ಬೆಳಕು ಮಾತ್ರ ಉಳಿಯುತ್ತದೆ.

ಬಹಳ ಜನ ಎಡವುವ ಜಾಗ ಒಂದಿದೆ. ತೀರಾ ಗಾಢ ನೆರಳು ಗಡಿಗೆಯ ಅಂಚಿನಲ್ಲಿ ಇರುವುದಿಲ್ಲ, ಅಂಚಿನಿಂದ ಸ್ವಲ್ಪ ಒಳಗೆ ಇರುತ್ತದೆ. ನೆಲದಿಂದ ತಿರುಗಿ ಬಂದ ಬೆಳಕು ಅಂಚನ್ನು ಸ್ವಲ್ಪ ತಿಳಿ ಮಾಡಿರುತ್ತದೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ಇದು ಅಷ್ಟಾಗಿ ಕಾಣದಿದ್ದರೆ ಗಡಿಗೆಯ ಪಕ್ಕ ಒಂದು ಬಿಳಿ ಹಾಳೆ ಹಾಸಿ, ತೆಗೆದು, ಮತ್ತೆ ಹಾಸಿ ತೋರಿಸಿ. ಅಂಚು ಬೆಳಗುವುದು, ಕಂದುವುದು ಕಣ್ಣೆದುರೇ ಆಗುತ್ತದೆ.

ಬೆರಳಿನಿಂದ ತಿಕ್ಕಲು ಬಿಡಬೇಡಿ. ತಿಕ್ಕಿದರೆ ನುಣುಪು ಬರುತ್ತದೆ, ಆಕಾರ ಹೋಗುತ್ತದೆ.

ಹಂತ 7: ಮೈ ಮೇಲೆ ಬಳ್ಳಿ, ಬಿದರಿಯ ಹಾಗೆ

ಇಲ್ಲಿಯವರೆಗೆ ಕಲಿತದ್ದು ನಿಜವಾಗಿ ಇಳಿದಿದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಕಪ್ಪು ಹಾಳೆಯ ಮೇಲೆ ಬಿಳಿ ಪೆನ್ಸಿಲಿನಿಂದ ಒಂದು ಹೂಜಿ, ಅದರ ಹೊಟ್ಟೆಯ ಸುತ್ತ ಒಂದು ಹೂಬಳ್ಳಿಯ ಪಟ್ಟಿ.

ಬಿದರಿ ಕೆಲಸ, ಅಂದರೆ ಬೀದರಿನ ಕಪ್ಪು ಲೋಹದ ಪಾತ್ರೆಗಳ ಮೇಲಿನ ಬೆಳ್ಳಿ ಕುಸುರಿ, ಹೇಗೆ ನಡೆಯುತ್ತದೆ ಎಂದು ಎರಡು ನಿಮಿಷ ಹೇಳಿ. ಹೆಚ್ಚು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಮೈ ಮೇಲೆ ಚಿತ್ರ ಕೊರೆದು ಬೆಳ್ಳಿ ತಂತಿ, ಬೆಳ್ಳಿ ತಗಡು ಕೂರಿಸುತ್ತಾರೆ. ಬೀದರ್ ಕೋಟೆಯ ಹಳೆ ಮಣ್ಣನ್ನು ನವಸಾಗರ ಎಂಬ ಉಪ್ಪಿನ ಜೊತೆ ಕಲಸಿದ ನೀರಿಗೆ ಹಾಕಿದಾಗ ಮೈ ಗಾಢ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. 2023ರಲ್ಲಿ ಪದ್ಮಶ್ರೀ ಪಡೆದ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರ ಕೆಲಸದ ಫೋಟೋ ಇದ್ದರೆ ತೋರಿಸಿ. ಒಂದು ಸಣ್ಣ ಬಿದರಿ ಡಬ್ಬಿ ಕೈಗೆ ಸಿಕ್ಕರೆ ಇನ್ನೂ ಒಳ್ಳೆಯದು, ಮಕ್ಕಳು ತಿರುಗಿಸಿ ನೋಡಲಿ.

ಹೂಜಿಯ ಹೊಟ್ಟೆಯ ಮೇಲೆ ಎರಡು ಬಳೆಗೆರೆ ಎಳೆಸಿ, ನಡುವೆ ಒಂದು ಇಂಚು ಜಾಗ. ಆ ಪಟ್ಟಿಯೊಳಗೆ ಐದು ಹೂವು. ನಡುವಿನ ಹೂವು ಪೂರ್ತಿ ಅಗಲ, ಬದಿಯ ಹೂವುಗಳು ಕಿರಿದು, ಅಂಚಿನ ಹೂವು ಅರ್ಧ ಕಂಡು ಅರ್ಧ ಹಿಂದೆ ಹೋಗಿರಬೇಕು. ಐದೂ ಹೂವು ಒಂದೇ ಅಗಲ ಬಂದಿದ್ದರೆ, ಪಟ್ಟಿ ನೇರ ಇದ್ದರೆ, ಮಗು ಮತ್ತೆ ತಲೆಯಿಂದ ಬಿಡಿಸಿದೆ. ಆಗ ಒಂದು ಕಾಗದದ ಪಟ್ಟಿಯ ಮೇಲೆ ಸಮ ಅಂತರದಲ್ಲಿ ಹೂವು ಬಿಡಿಸಿ ಗಡಿಗೆಗೆ ಸುತ್ತಿ ಅದರ ಮುಂದೆ ಕೂರಿಸಿ. ನೋಡಿ ಬಿಡಿಸಲಿ.

ಈಗ ಮೊದಲ ದಿನದ ಹಾಳೆ ವಾಪಸ್ ಕೊಡಿ. ಎರಡನ್ನೂ ಪಕ್ಕ ಇಟ್ಟು ತನ್ನ ತಪ್ಪನ್ನು ಮಗುವೇ ಪೆನ್ಸಿಲಿನಿಂದ ಗುರುತು ಮಾಡಲಿ. ಅಂಕ ಕೊಡುವುದಾದರೆ ಈ ಗುರುತಿಗೆ ಕೊಡಿ. ಗೋಡೆಗೆ ಹಾಕುವಾಗ ಎಲ್ಲರ ಜೋಡಿ ಹಾಳೆಯನ್ನೂ ಹಾಕಿ, ಚಂದ ಬಂದ ಐದನ್ನು ಮಾತ್ರ ಆರಿಸಬೇಡಿ.

ನಡುನಡುವೆ ಗಮನಿಸಬೇಕಾದ ಲಕ್ಷಣಗಳು

ಒಂದು ಮಗುವನ್ನು ಒಂದು ನಿಮಿಷ ದೂರದಿಂದ ನೋಡಿ. ತಲೆ ಎಷ್ಟು ಸಲ ಮೇಲೆ ಬಂತು? ಹತ್ತು ಸಲ ಬಂದರೆ ನೋಡುತ್ತಿದೆ. ಒಂದೆರಡು ಸಲ ಬಂದರೆ ನೆನಪಿನಿಂದ ಬಿಡಿಸುತ್ತಿದೆ. ಚಿತ್ರ ಚಂದ ಇದ್ದರೂ ಅದನ್ನು ಎರಡನೇ ಹಂತಕ್ಕೆ ಕಳಿಸಿ.

ಪ್ಯಾಡ್ ಮೇಲೆ ರಬ್ಬರ್ ಪುಡಿ ರಾಶಿ ಬಿದ್ದಿದ್ದರೆ ಗೆರೆ ಮೊದಲಿನಿಂದಲೇ ಒತ್ತಿ ಎಳೆದಿದ್ದಾರೆ. ಪೆನ್ಸಿಲ್ ಎಚ್‌ಬಿ ಇದೆಯೇ ನೋಡಿ. ಬಹಳ ಸಲ ಅವರು 4ಬಿಯಲ್ಲೇ ಶುರು ಮಾಡಿರುತ್ತಾರೆ.

"ಸರ್, ನಂಗ ಚಿತ್ರ ಬರಂಗಿಲ್ರಿ" ಎನ್ನುವ ಮಗುವಿಗೆ ಧೈರ್ಯದ ಮಾತು ಹೇಳುವ ಬದಲು ಒಂದು ಬಳೆ ಕೊಟ್ಟು ಎಷ್ಟು ಬಾಯಿ ಬಿಟ್ಟಿದೆ ಎಂದು ಕೇಳಿ. ಅದಕ್ಕೆ ಉತ್ತರ ಹೇಳಬಲ್ಲ ಮಗುವಿಗೆ ಚಿತ್ರ ಬರುತ್ತದೆ.

ಹಂತ 8: ಹೊರಗಡೆ, ಕಣ್ಣಿನ ಮಟ್ಟದ ಮೇಲೆ

ಬೀದರ್‌ನವರಿಗೆ ಈ ಹಂತಕ್ಕೆ ಬೇಕಾದ ಮಿನಾರು ಊರೊಳಗೇ ಇದೆ. ಕಲಬುರಗಿ, ಯಾದಗಿರಿಯವರು ಶಾಲಾ ಪ್ರವಾಸಕ್ಕೆ ಹೋದಾಗ ಮಾಡಿಸಬಹುದು. 1472ರ ಮಹಮೂದ್ ಗವಾನ್ ಮದರಸಾದ ಮುಂದೆ ಉಳಿದಿರುವ ಮಿನಾರಿನ ಎದುರು ಮಕ್ಕಳನ್ನು ಕೂರಿಸಿ. ಪ್ಯಾಡು, ಎಚ್‌ಬಿ ಪೆನ್ಸಿಲ್ ಮಾತ್ರ ಸಾಕು. ಬಿಸಿಲು ಏರುವ ಮುಂಚೆ ಹೋಗಿ.

ಇಡೀ ಕಟ್ಟಡ ಬಿಡಿಸುವುದು ಬೇಡ. ದುಂಡನೆಯ ಮಿನಾರು, ಅದರ ಸುತ್ತ ಬರುವ ಅಡ್ಡ ಪಟ್ಟಿಗಳು, ಇಷ್ಟೇ. ಹತ್ತಿರ ಯಾವ ಮಿನಾರೂ ಇಲ್ಲದಿದ್ದರೆ ಊರಿನ ದುಂಡನೆಯ ನೀರಿನ ಟ್ಯಾಂಕ್ ಸಹ ಆಗುತ್ತದೆ. ಮಕ್ಕಳು ಚರಗಿಯ ಅಭ್ಯಾಸದಲ್ಲಿ ಪಟ್ಟಿಯನ್ನು ಕೆಳಕ್ಕೆ ಬಾಗಿಸಿ ಎಳೆಯುತ್ತಾರೆ. ತಡೆಯಬೇಡಿ. ಅವರ ಕೈಗೆ ಬಳೆ ಕೊಟ್ಟು ತಲೆಗಿಂತ ಮೇಲೆ ಎತ್ತಿ ಮಿನಾರಿಗೆ ಹೊಂದಿಸಿ ಹಿಡಿಯಲು ಹೇಳಿ. ಮುಂದಿನ ಅಂಚು ಕಮಾನಿನ ಹಾಗೆ ಮೇಲಕ್ಕೆ ಬಾಗಿರುತ್ತದೆ. ಮೇಲಿನ ಪಟ್ಟಿ ಜಾಸ್ತಿ, ಕೆಳಗಿನದು ಕಡಿಮೆ, ಕಣ್ಣಿನ ಮಟ್ಟದ್ದು ನೇರ. ಹಾಳೆ ತಿರುಗಿಸಿ ಹೊಸದಾಗಿ ಶುರು ಮಾಡಿಸಿ.